ನಡೆಯುವ ಮೊದಲು ಬ್ಯಾಂಕಿಗೆ ಹೋಗಿ

ಚಿಕ್ಕಪ್ಪ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದಾಗ ಆಸ್ಪತ್ರೆ ಬಿಲ್ಲಿಗೆ ಊರಿಡೀ ದುಡ್ಡು ಕೊಟ್ಟಿತು. ಮನೆಗೆ ಬಂದ ಮೇಲೆ ಯಾರೂ ಕೇಳಲಿಲ್ಲ. ಅವರದ್ದೂ ತಪ್ಪಲ್ಲ, ನೋಡಲಿಕ್ಕೆ ಚಿಕ್ಕಪ್ಪ ಸರಿಯೇ ಇದ್ದರು. ಆದರೆ ಅಂಗಡಿಗೆ ಹೋದರೆ ಎಂತಕ್ಕೆ ಬಂದದ್ದು ಅಂತ ಮರೆಯುತ್ತಿತ್ತು, ಒಲೆ ಮೇಲೆ ಮೀನು ಸುಟ್ಟು ಕರಕಲಾದರೂ ವಾಸನೆ ತಿಳಿಯುತ್ತಿರಲಿಲ್ಲ, ಹತ್ತು ನಿಮಿಷ ಮಾತಾಡಿದರೆ ಸುಸ್ತಾಗಿ ಸಿಟ್ಟು ಬರುತ್ತಿತ್ತು. ನಿಜವಾದ ಖರ್ಚು ಶುರುವಾಗುವುದೇ ಆಗ. ಫಿಸಿಯೋ, ಮಾತಿನ ತರಬೇತಿ, ಅವರನ್ನು ನೋಡಿಕೊಳ್ಳಲಿಕ್ಕೆ ಕೆಲಸ ಬಿಟ್ಟ ಚಿಕ್ಕಮ್ಮನ ಸಂಬಳ. ನಮ್ಮ ಕಡೆ ಬೈಕ್ ಮಾತ್ರ ಅಲ್ಲ, ತೆಂಗಿನ ಮರ, ಅಡಿಕೆ ಮರದಿಂದ ಬಿದ್ದವರ ಮನೆಯಲ್ಲೂ ಇದೇ ಕತೆ.

ಇಂಥವರಿಗಾಗಿ ಹಣ ಎತ್ತಲಿಕ್ಕೆ ನಾವು ಏಳು ಜನ ಎರಡು ಸಲ ನಡೆದಿದ್ದೇವೆ. ಮೊದಲನೇ ಸಲ ಮಾಡಬಾರದ್ದನ್ನೆಲ್ಲ ಮಾಡಿದೆವು. ನೀವು ಹೊರಡುವುದಾದರೆ ಓದಿ.

ಶೂ ಕೊಳ್ಳುವ ಮೊದಲು ಬ್ಯಾಂಕಿಗೆ ಹೋಗಿ. ನಾನು ನನ್ನದೇ ಫೋನಿನ ಕ್ಯೂಆರ್ ಕೋಡ್ ಹಂಚಿದ್ದೆ. ಗ್ಯಾಸ್, ಹಾಲು, ಮೀನಿನ ದುಡ್ಡು, ದಾನದ ದುಡ್ಡು ಎಲ್ಲ ಒಂದೇ ಖಾತೆಯಲ್ಲಿ ಕಲಸಿಹೋಯಿತು. ಮುಂದಿನ ತಿಂಗಳು ಒಂದು ಮದುವೆ ಊಟದಲ್ಲಿ, ಪಾಯಸ ಬಡಿಸುವ ಹೊತ್ತಿಗೆ, ಪಕ್ಕದ ಎಲೆಯಲ್ಲಿದ್ದ ಮಾವ "ಒಟ್ಟು ಎಷ್ಟಾಯ್ತು ಮಾರಾಯ?" ಅಂತ ಕೇಳಿದರು. ಸುಮ್ನೆ ಕೇಳಿದ್ದು. ನನಗೆ ಲೆಕ್ಕ ಹೇಳಲಿಕ್ಕೆ ಆಗಲಿಲ್ಲ. ಒಂದು ರೂಪಾಯಿ ತಿಂದಿರಲಿಲ್ಲ, ಆದರೂ ಕಳ್ಳನ ಹಾಗೆ ಎಲೆ ನೋಡುತ್ತಾ ಕೂತಿದ್ದೆ. ಹಾಗಾಗಿ ಒಂದೇ ಕುಟುಂಬಕ್ಕಾದರೆ ಇಬ್ಬರ ಹೆಸರಲ್ಲಿ, ಇಬ್ಬರ ಸಹಿ ಬೇಕಾಗುವ ಬೇರೆ ಖಾತೆ ತೆರೆಯಿರಿ. ಟ್ರಸ್ಟಿಗಾದರೆ ಹಣ ನೇರವಾಗಿ ಅವರ ಖಾತೆಗೇ ಹೋಗಲಿ, ನಿಮ್ಮ ಕೈಗೆ ಬರುವುದೇ ಬೇಡ. ಟ್ರಸ್ಟಿನವರ ಹತ್ತಿರ ತೆರಿಗೆ ರಿಯಾಯಿತಿಯ ನೋಂದಣಿ ಕಾಗದ (12ಎ, 80ಜಿ ಅನ್ನುತ್ತಾರೆ) ಕೇಳಿ ನೋಡಿ, ನಾಚಿಕೆ ಬೇಡ. 2000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಇದನ್ನು ಕೊಡುವವರಿಗೆ ಮೊದಲೇ ಹೇಳಿಬಿಡಿ.

ಕೇಳುವಾಗ "ಮೆದುಳಿನ ಗಾಯದ ಜಾಗೃತಿಗಾಗಿ" ಅಂದರೆ ವಾಟ್ಸಾಪಿನಲ್ಲಿ ಕೈಮುಗಿಯುವ ಚಿತ್ರ ಮಾತ್ರ ಬರುತ್ತದೆ. "ಒಂದು ಗಾಳಿ ಹಾಸಿಗೆ, ಎರಡು ತಿಂಗಳ ಫಿಸಿಯೋ" ಅನ್ನಿ, ದುಡ್ಡು ಬರುತ್ತದೆ. ಉಡುಪಿ ಕಡೆಯ ರವಿ ಕಟಪಾಡಿ ಕೃಷ್ಣಾಷ್ಟಮಿಗೆ ವೇಷ ಹಾಕಿ ಮಕ್ಕಳ ಚಿಕಿತ್ಸೆಗೆ ಹಣ ಎತ್ತುವುದು ನಿಮಗೆ ಗೊತ್ತಲ್ವಾ, ಅಲ್ಲಿ ದುಡ್ಡು ಎಂತಕ್ಕೆ ಅಂತ ಡಬ್ಬಿಗೆ ಹಾಕುವವರಿಗೂ ಗೊತ್ತಿರುತ್ತದೆ. ಗುಂಪಿಗೆ ಮೆಸೇಜ್ ಕಳಿಸಿ ಕೂರಬೇಡಿ, ಒಬ್ಬೊಬ್ಬರಿಗೇ ಫೋನ್ ಮಾಡಿ. ನಡೆದು ಮುಗಿಸಿದ ಮೇಲೆ ಜನ ಶಹಬ್ಬಾಸ್ ಹೇಳುತ್ತಾರೆ, ಕೊಡುವುದಿಲ್ಲ. ಹಣವೆಲ್ಲ ಹೊರಡುವ ಮೊದಲೇ ಬರಬೇಕು. ಹಾಸಿಗೆ ಹಿಡಿದವರ ಫೋಟೋ ಹಾಕಿದರೆ ಜಾಸ್ತಿ ಬರಬಹುದು, ಆದರೆ ಬೇಡ ಅನ್ನಲಿಕ್ಕೂ ಆಗದ ಸ್ಥಿತಿಯಲ್ಲಿರುವವರ ಫೋಟೋ ಹಾಕಬಾರದು. ಇದರಲ್ಲಿ ನಾನು ರಾಜಿ ಇಲ್ಲ.

ಈಗ ನಡಿಗೆ. ಮೊದಲನೇ ವರ್ಷ ಮಂಗಳೂರಿನಿಂದ ಉಡುಪಿಗೆ, ಹೆದ್ದಾರಿಯಲ್ಲಿ, ಮಾರ್ಚ್ ತಿಂಗಳಲ್ಲಿ. ಹುಚ್ಚು. ಆ ಸೆಕೆಗೆ ಬೆವರು ಆರುವುದೇ ಇಲ್ಲ, ಅಂಗಿ ಹಿಂಡಿದರೆ ನೀರು ಇಳಿಯುತ್ತಿತ್ತು. ಜೊತೆಗಿದ್ದವನೊಬ್ಬ ಬರೀ ನೀರು ಕುಡಿದು ಕುಡಿದು ಸುರತ್ಕಲ್ ದಾಟುವಾಗ ವಾಂತಿ ಮಾಡಿದ, ಆಮೇಲೆ ಏನೇನೋ ಮಾತಾಡಲಿಕ್ಕೆ ಶುರು ಮಾಡಿದ. ರಿಕ್ಷಾದಲ್ಲಿ ಹಾಕಿಕೊಂಡು ಓಡಿದೆವು. ರಕ್ತದಲ್ಲಿ ಉಪ್ಪು ಇಳಿದಿತ್ತು. ಉಪ್ಪು ತೀರಾ ಕಮ್ಮಿಯಾದರೆ ನೀರು ಮೆದುಳಿನ ಕೋಶಗಳೊಳಗೆ ನುಗ್ಗಿ ಮೆದುಳೇ ಊದಿಕೊಳ್ಳುತ್ತದೆ. ನಾವು ಯಾರಿಗಾಗಿ ನಡೆಯುತ್ತಿದ್ದೆವು ಅಂತ ಯೋಚಿಸಿ. ಆದ್ದರಿಂದ ಬಾಯಾರಿದಷ್ಟೇ ಕುಡಿಯಿರಿ, ಜೊತೆಗೆ ಒಆರ್‌ಎಸ್ ಇರಲಿ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಸೀಯಾಳ ಒಳ್ಳೆಯದೇ, ಆದರೆ ಅದರಲ್ಲಿ ಬೆವರಲ್ಲಿ ಹೋದಷ್ಟು ಉಪ್ಪಿಲ್ಲ. ಗಂಜಿ, ಉಪ್ಪಿನಕಾಯಿ ಇನ್ನೂ ಒಳ್ಳೆಯದು.

ಅವತ್ತೇ ಇನ್ನೊಂದು ಮರ್ಯಾದೆ ಹೋಗುವ ಕೆಲಸ ಆಯ್ತು. ನಮಗೆ ನೀರು ತರುತ್ತಿದ್ದ ಬೈಕಿನವನ ತಲೆ ಮೇಲೆ ಹೆಲ್ಮೆಟ್ ಇರಲಿಲ್ಲ.

ಎರಡನೇ ಸಲ ಬುದ್ಧಿ ಬಂತು. ಜನವರಿ, ಮಲ್ಪೆಯಿಂದ ಪಡುಕರೆ, ಮಟ್ಟು ದಾರಿಯಾಗಿ ಕಾಪು ದೀಪಸ್ತಂಭ, ಅಲ್ಲಿಂದ ವಾಪಸ್. ಸುಮಾರು 30 ಕಿಲೋಮೀಟರ್. ಸಮುದ್ರದ ಬದಿಯ ರಸ್ತೆ, ಲಾರಿ ಕಾಟ ಇಲ್ಲ. ಬೆಳಗ್ಗೆ 4ಕ್ಕೆ ಹೊರಟೆವು, ಬಿಸಿಲು ಏರುವ ಹೊತ್ತಿಗೆ ಮುಕ್ಕಾಲು ದಾರಿ ಮುಗಿದಿತ್ತು. ಕತ್ತಲಲ್ಲಿ ಎದುರಿನಿಂದ ಬರುವ ಗಾಡಿ ಕಾಣುವ ಹಾಗೆ ರಸ್ತೆಯ ಬಲಬದಿಯಲ್ಲೇ ನಡೆಯಿರಿ, ಮಿನುಗುವ ಜಾಕೆಟ್ ಹಾಕಿ. ಅಭ್ಯಾಸ ನವರಾತ್ರಿ ಕಳೆದ ಕೂಡಲೇ ಶುರುವಾಗಲಿ. ವಾರಕ್ಕೆ ಮೂರು ದಿನ ಐದೈದು ಕಿಲೋಮೀಟರ್, ಭಾನುವಾರ ಉದ್ದ ನಡಿಗೆ, ಅದನ್ನು ವಾರಕ್ಕೆ ಎರಡೆರಡು ಕಿಲೋಮೀಟರ್ ಏರಿಸುತ್ತಾ ಹೋಗಿ, ಪ್ರತಿ ನಾಲ್ಕನೇ ವಾರ ಇಳಿಸಿ. 24 ಮುಟ್ಟಿದರೆ 30 ಆಗುತ್ತದೆ. ತೊಡೆ ಸಂದಿಗೆ ವ್ಯಾಸಲೀನ್, ಹೊಸ ಶೂ ಬೇಡ. ಬಿಪಿ, ಶುಗರ್, ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರಿಗೆ ತೋರಿಸಿ.

ಕೊನೆಯ ಅರ್ಧ ಕಿಲೋಮೀಟರ್ ಪೆಟ್ಟಾದವರೂ ಜೊತೆಗೆ ನಡೆಯಲಿ, ಅವರಿಗೆ ಮನಸ್ಸಿದ್ದರೆ ಮಾತ್ರ. ಚಿಕ್ಕಪ್ಪ ಬಂದರು. ಸ್ವಾಗತಕ್ಕೆ ನಾಸಿಕ್ ಬ್ಯಾಂಡ್ ತರಿಸುವ ಅಂತ ಹುಡುಗರು ಹೊರಟಿದ್ದರು, ಚಿಕ್ಕಮ್ಮ ನಿಲ್ಲಿಸಿದರು. ತಲೆಗೆ ಪೆಟ್ಟಾದ ಎಷ್ಟೋ ಜನರಿಗೆ ಸದ್ದು, ಬೆಳಕು, ಗುಂಪು ಯಾವುದೂ ತಡೆಯಲಿಕ್ಕೆ ಆಗುವುದಿಲ್ಲ. ನೆರಳಲ್ಲಿ ಒಂದು ಕುರ್ಚಿ ಇಡಿ. ಮಾತಾಡಿಸುವುದಾದರೆ ಒಬ್ಬೊಬ್ಬರೇ ಹೋಗಿ. ಕಾರು ಹತ್ತಿರವೇ ಇರಲಿ, ಅವರು ಸಾಕು ಅಂದ ತಕ್ಷಣ ಹೊರಡಬೇಕು, ಗ್ರೂಪ್ ಫೋಟೋ ಬಾಕಿ ಇದ್ದರೂ.