ಹೊಳೆ ದಂಡೆಯ ಡೀಸೆಲ್ ಪಂಪ್‌ಸೆಟ್‌ಗೆ ಗಂಟೆ ಲೆಕ್ಕದ ಸರ್ವಿಸ್

ಮಂಡ್ಯ, ಟಿ. ನರಸೀಪುರದ ಕಡೆ ಹೊಳೆ, ಹಳ್ಳದಿಂದ ಗದ್ದೆಗೆ ನೀರೆತ್ತುವ 5 ಎಚ್‌ಪಿ ಒಂಟಿ ಸಿಲಿಂಡರ್ ಎಂಜಿನ್‌ಗೆ ತಿಂಗಳ ಲೆಕ್ಕ ಹಿಡಿಯಬಾರದು. ಮಳೆಗಾಲದಲ್ಲಿ ಅದು ಸುಮ್ಮನೆ ನಿಂತಿರುತ್ತದೆ. ಬೇಸಿಗೆ ಬೆಳೆಗೆ ದಿನಕ್ಕೆ 8 ಗಂಟೆ ಓಡಿದರೆ ಹದಿಮೂರನೇ ದಿನಕ್ಕೇ 100 ಗಂಟೆ ದಾಟುತ್ತದೆ. ಶೆಡ್ಡಿನಲ್ಲೊಂದು ಪುಸ್ತಕ ಕಟ್ಟಿ, ಸ್ಟಾರ್ಟ್ ಮಾಡಿದ, ನಿಲ್ಲಿಸಿದ ಸಮಯ ಬರೆದಿಡಿ. ಕೆಳಗಿನ ಅಂಕಿಗಳಿಗಿಂತ ನಿಮ್ಮ ಕಂಪನಿ ಪುಸ್ತಕದಲ್ಲಿ ಬೇರೆ ಇದ್ದರೆ ಅದನ್ನೇ ಪಾಲಿಸಿ.

ಮೊದಲು ನೀರಿನ ವಿಷಯ. ಈ ಎಂಜಿನ್‌ಗಳಲ್ಲಿ ಬಹಳಷ್ಟು ಪಂಪ್ ಎತ್ತಿದ ನೀರಿನಲ್ಲೇ ತಣ್ಣಗಾಗುತ್ತವೆ. ಹಾಗಾಗಿ ಹೀರು ಪೈಪಿನ ತುದಿಯಲ್ಲಿ ನೀರಿನೊಳಗಿರುವ ಫುಟ್‌ವಾಲ್ವ್ ಕೂಡ ಎಂಜಿನ್ನಿನದೇ ಭಾಗ ಎಂದುಕೊಳ್ಳಿ. ಅದರ ಜಾಲರಿಗೆ ಪಾಚಿ, ಎಲೆ ಸಿಕ್ಕಿದರೆ, ಒಳಗಿನ ವಾಷರ್ ಸವೆದರೆ, ಪಂಪ್ ಗಾಳಿ ಎಳೆಯುತ್ತದೆ, ಎಂಜಿನ್‌ಗೆ ನೀರು ನಿಲ್ಲುತ್ತದೆ, ಹೆಡ್ ಬಿರುಕು ಬಿಡುತ್ತದೆ. ದಿನವೂ ಜಾಲರಿ ನೋಡಿ. ಕಾದ ಎಂಜಿನ್ ಮೇಲೆ ತಣ್ಣೀರು ಮಾತ್ರ ಸುರಿಯಬೇಡಿ. ನಿಲ್ಲಿಸಿ, ತಾನಾಗೇ ಆರಲು ಬಿಡಿ.

ನೀರು ಹೆಚ್ಚಾದರೂ ಕೆಡುಕೇ. ಎಂಜಿನ್‌ಗೆ ನೀರು ಬಿಡುವ ಕಾಕ್ ಪೂರ್ತಿ ತೆರೆದು ಎಂಜಿನ್ ತಣ್ಣಗಿದೆ ಎಂದು ಸಮಾಧಾನಪಡುವವರೇ ಜಾಸ್ತಿ. ಹೀಗೆ ಓಡಿಸಿದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಆಯಿಲ್ ಕೆಡುತ್ತದೆ, ಸಿಲಿಂಡರಿನ ಒಳಗೋಡೆಯಾದ ಲೈನರ್ ಬೇಗ ಸವೆಯುತ್ತದೆ. ಎಂಜಿನ್ನಿಂದ ಹೊರಬರುವ ನೀರು ಸುಮಾರು 60 ಡಿಗ್ರಿ ಇರುವಂತೆ ಕಾಕ್ ಹೊಂದಿಸಿ. ಡೀಸೆಲ್ ಉಳಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಸ್ಟಾರ್ಟ್ ಮಾಡುವ ಮುನ್ನ ಡಿಪ್‌ಸ್ಟಿಕ್ ನೋಡಿ. ಆಯಿಲ್ ಎರಡು ಗೆರೆಗಳ ನಡುವೆ ಇರಲಿ. ಅದು ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ, ಓಡಿಸಬೇಡಿ. ಕೆಲಸ ಮುಗಿದ ಮೇಲೆ ಸಂಜೆಯೇ ಟ್ಯಾಂಕ್ ತುಂಬಿಸಿ. ಖಾಲಿ ಟ್ಯಾಂಕಿನಲ್ಲಿ ರಾತ್ರಿ ತೇವ ಕಟ್ಟಿ ಡೀಸೆಲ್‌ಗೆ ಇಳಿಯುತ್ತದೆ.

50 ಗಂಟೆಗೆ ಏರ್ ಕ್ಲೀನರ್ ಬಿಚ್ಚಿ. ಆಯಿಲ್ ಬಾತ್ (ಬಟ್ಟಲಿನ ಆಯಿಲ್‌ನಲ್ಲಿ ಧೂಳು ಹಿಡಿಯುವ ಬಗೆ) ಆದರೆ ಜಾಲರಿಯನ್ನು ಡೀಸೆಲ್‌ನಲ್ಲಿ ತೊಳೆದು ಆರಿಸಿ, ಬಟ್ಟಲಿಗೆ ಗುರುತಿನವರೆಗೆ ಮಾತ್ರ ಹೊಸ ಆಯಿಲ್ ಹಾಕಿ. ಮೀರಿದರೆ ಎಂಜಿನ್ ಆ ಆಯಿಲನ್ನೇ ಎಳೆದುಕೊಂಡು ನೀಲಿ ಹೊಗೆ ಬಿಡುತ್ತದೆ. ಧೂಳೇಳುವ ರಸ್ತೆ ಪಕ್ಕದ ಶೆಡ್ಡಾದರೆ ಇದನ್ನು 25 ಗಂಟೆಗೇ ಮಾಡಿ.

ಹೊಸ ಎಂಜಿನ್‌ಗೆ ಮೊದಲ ಆಯಿಲ್ ಬದಲಾವಣೆ 25ರಿಂದ 50 ಗಂಟೆಯೊಳಗೆ, ಆಮೇಲೆ 100ರಿಂದ 125 ಗಂಟೆಗೊಮ್ಮೆ. ಎಂಜಿನ್ ಬಿಸಿಯಿರುವಾಗಲೇ ಹಳೆಯದನ್ನು ಇಳಿಸಿ. ಆರಿದರೆ ಮಡ್ಡಿ ತಳದಲ್ಲೇ ಕೂರುತ್ತದೆ. ಇಳಿಸಿದ್ದನ್ನು ಡಬ್ಬಿಗೆ ಹಿಡಿಯಿರಿ, ಹೊಳೆಗೆ ಹರಿಸಬೇಡಿ.

250 ಗಂಟೆಗೆ ಡೀಸೆಲ್ ಫಿಲ್ಟರ್. ಪೇಪರ್ ಎಲಿಮೆಂಟನ್ನು ತೊಳೆದು ಮತ್ತೆ ಹಾಕಬಾರದು. ಬದಲಿಸಿದ ಮೇಲೆ ಗಾಳಿ ತೆಗೆಯಬೇಕು: ಮೊದಲು ಫಿಲ್ಟರ್ ಸ್ಕ್ರೂ, ನಂತರ ಎಂಜಿನ್‌ಗೆ ಡೀಸೆಲ್ ಒತ್ತುವ ಪಂಪಿನದು. ಗುಳ್ಳೆ ನಿಂತು ಬರೀ ಡೀಸೆಲ್ ಬಂದ ಮೇಲೆ ಬಿಗಿಯಿರಿ. ಕೊನೆಗೆ ಡೀಸೆಲ್ ಸಿಂಪಡಿಸುವ ನಾಜಲ್‌ನ ಪೈಪಿನ ನಟ್ ಸಡಿಲಿಸಿ, ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಷನ್ ಲಿವರ್ ಎತ್ತಿ ಹ್ಯಾಂಡಲ್ ತಿರುಗಿಸಿ. ಟ್ಯಾಪೆಟ್ ಸಂದನ್ನೂ (ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಅಂತರ) ಆಗಲೇ ನೋಡಿಬಿಡಿ, ಎಂಜಿನ್ ತಣ್ಣಗಿದ್ದು ಎರಡೂ ವಾಲ್ವ್ ಮುಚ್ಚಿರುವಾಗ, ಫೀಲರ್ ಗೇಜ್ ಎಂಬ ತೆಳು ಅಳತೆ ಪಟ್ಟಿ ಹಾಕಿ.

500 ಗಂಟೆಗೆ ನಾಜಲ್ ಬಿಚ್ಚಿ ಡೀಸೆಲ್ ಪಂಪ್ ಟೆಸ್ಟಿಂಗ್ ಅಂಗಡಿಗೆ ಕೊಡಿ. ಸಿಂಪಡಿಕೆ ನೋಡಲು ಕೈ ಒಡ್ಡಲೇಬೇಡಿ, ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ. ಅದಕ್ಕೂ ಮೊದಲೇ ಕಪ್ಪು ಹೊಗೆ ಕಂಡರೆ ಏರ್ ಕ್ಲೀನರ್ ಕಟ್ಟಿದೆಯೇ, ಲೋಡ್ ಹೆಚ್ಚಾಗಿದೆಯೇ ನೋಡಿ, ಅವೆರಡೂ ಸರಿಯಿದ್ದರೆ ನಾಜಲ್ ಕಡೆ ತಿರುಗಿ.

ನೀರೆತ್ತುವ ಪಂಪಿನ ಗ್ಲ್ಯಾಂಡಿನಿಂದ (ಶಾಫ್ಟ್ ಸುತ್ತ ದಾರ ತುಂಬಿ ಬಿಗಿಯುವ ಜಾಗ) ಹನಿ ಹನಿ ನೀರು ತೊಟ್ಟಿಕ್ಕುತ್ತಿರಬೇಕು. ಪೂರ್ತಿ ಬಿಗಿದರೆ ದಾರ ಕಾದು ಶಾಫ್ಟ್ ಸವೆಯುತ್ತದೆ.

ಎಂಜಿನ್ ವಾರಗಟ್ಟಲೆ ನಿಲ್ಲುವುದಾದರೆ ಸಿಲಿಂಡರ್ ಸುತ್ತಲಿನ ಜಾಕೆಟ್‌ನ ನೀರು ಇಳಿಸಿ, ಹೊಸ ಆಯಿಲ್ ಹಾಕಿ, ಒಂದು ಚಮಚ ಆಯಿಲನ್ನು ಗಾಳಿ ದಾರಿಯಲ್ಲಿ ಬಿಟ್ಟು ಕೈಯಲ್ಲೇ ನಿಧಾನ ತಿರುಗಿಸಿ. ಗಟ್ಟಿ ಸಿಗುವ ಕಡೆ ನಿಲ್ಲಿಸಿದರೆ ಎರಡೂ ವಾಲ್ವ್ ಮುಚ್ಚಿರುತ್ತವೆ. ಸೈಲೆನ್ಸರ್ ಬಾಯಿಗೊಂದು ಡಬ್ಬ ಕವುಚಿ ಹಾಕಿ, ಮತ್ತೆ ಸ್ಟಾರ್ಟ್ ಮಾಡುವ ಮೊದಲು ತೆಗೆಯಿರಿ.