ಎರಡು ಹಳೆಯ ಪೇಟೆಂಟುಗಳನ್ನು ಕಾಗದದ ಮೇಲೆ ಜೋಡಿಸಿ ನೋಡಿದ ಅನುಭವ

ಅಮೆರಿಕದ ಪೇಟೆಂಟ್ ಕಚೇರಿ ಎತ್ತುವ ಆಕ್ಷೇಪಗಳಿಗೆ ಉತ್ತರ ಬರೆಯುವುದು ನನ್ನ ಕೆಲಸ. ಒಮ್ಮೆ ದ್ರವ ಸಿಂಪಡಿಸುವ ಬಾಟಲಿಯೊಂದರ ಅರ್ಜಿ, ಪರಿಣತರಿಗೆ ಸಹಜವಾಗಿ ಹೊಳೆಯುವಂಥದ್ದಕ್ಕೆ ಪೇಟೆಂಟ್ ಇಲ್ಲವೆನ್ನುವ ಅಲ್ಲಿನ ಪೇಟೆಂಟ್ ಕಾನೂನಿನ ಕಲಂ 103ರ ಅಡಿ ತಿರಸ್ಕೃತವಾಯಿತು. ಬಾಟಲಿ, ನಳಿಕೆ, ಮುಚ್ಚಳ ಮೂರೂ ಒಂದು ಹಳೆಯ ಪೇಟೆಂಟಿನಲ್ಲಿದ್ದವು. ಗಾಳಿಯನ್ನು ಬಿಟ್ಟು ದ್ರವವನ್ನು ತಡೆಯುವ ಪೊರೆ ಇನ್ನೊಂದರಲ್ಲಿ, ಇಂಧನದ ಡಬ್ಬಿಯ ಮುಚ್ಚಳದಲ್ಲಿತ್ತು. ಬಿಸಿಯಾದಾಗ ಬಾಟಲಿ ಉಬ್ಬದಿರಲೆಂದು ಆ ಪೊರೆಯನ್ನು ಇಲ್ಲಿಗೆ ತರುವುದು ಈ ಕ್ಷೇತ್ರದ ಸಾಮಾನ್ಯ ಪರಿಣತರಿಗೆ ತಾನಾಗಿಯೇ ಹೊಳೆಯುತ್ತದೆ ಎಂಬುದು ಪರೀಕ್ಷಕರ ವಾದವಾಗಿತ್ತು.

ನನ್ನ ಮೊದಲ ಕರಡು ಹಳೆಯ ಜಾಡಿನಲ್ಲೇ ಇತ್ತು: ಇವೆರಡನ್ನು ಜೋಡಿಸಿ ಎಂದು ಯಾವ ದಾಖಲೆಯೂ ಹೇಳಿಲ್ಲ. 2007ರ ಕೆಎಸ್‌ಆರ್ ವಿರುದ್ಧ ಟೆಲಿಫ್ಲೆಕ್ಸ್ ತೀರ್ಪಿನ ನಂತರ ಈ ಮಾತೊಂದೇ ನಿಲ್ಲುವುದಿಲ್ಲ. ಹಿಂದೆ ಮುಂದೆ ಸರಿಸಬಹುದಾದ ಕಾರಿನ ಪೆಡಲ್ಲಿಗೆ ಎಲೆಕ್ಟ್ರಾನಿಕ್ ಸೆನ್ಸರ್ ಜೋಡಿಸಿದ್ದ ಆ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಜೋಡಣೆಯ ಸೂಚನೆಯನ್ನು ದಾಖಲೆಗಳಲ್ಲೇ ಹುಡುಕುವ ಬಿಗಿ ಪಟ್ಟನ್ನು ಒಪ್ಪದೆ, ಪರಿಣತನಿಗೂ ಸಾಮಾನ್ಯ ಸೃಜನಶೀಲತೆ ಇರುತ್ತದೆ ಎಂದಿತು. ಆದರೆ ಜೋಡಿಸಲು ತರ್ಕಬದ್ಧ ಕಾರಣವನ್ನು ಪರೀಕ್ಷಕರು ಕೊಡಲೇಬೇಕೆಂಬುದನ್ನು ಅದೇ ತೀರ್ಪು ಉಳಿಸಿಕೊಂಡಿದೆ. ನಾನು ಹಿಡಿಯಬೇಕಾದದ್ದು ಆ ಕಾರಣವನ್ನು.

ಹಾಗಾಗಿ ಕರಡನ್ನು ಬದಿಗಿಟ್ಟು, ಮೊದಲ ಪೇಟೆಂಟಿನ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ, ಅದರ ಮುಚ್ಚಳದಲ್ಲಿ ಪೆನ್ಸಿಲ್ಲಿನಿಂದ ಪೊರೆಯನ್ನು ಬರೆದೆ. ಆ ಬಾಟಲಿಯಲ್ಲಿ ಕೈಪಂಪಿನಿಂದ ಗಾಳಿ ತುಂಬಿ, ಒಳಗೆ ಕೂಡಿದ ಒತ್ತಡದಿಂದಲೇ ದ್ರವವನ್ನು ಹೊರಗೆ ಚಿಮ್ಮಿಸುತ್ತಾರೆ. ಪೊರೆ ಬಂದರೆ ಒತ್ತಡವೆಲ್ಲ ಸೋರಿ ಸಿಂಪಡಣೆಯೇ ನಿಲ್ಲುತ್ತದೆ. ನಮ್ಮ ಬಾಟಲಿಯಾದರೋ ನಳಿಕೆಯ ಗುಂಡಿಯಿಂದ ದ್ರವವನ್ನು ಎಳೆಯುವಂಥದ್ದು, ಅದಕ್ಕೆ ಒಳಬರುವ ಗಾಳಿ ಬೇಕೇ ಬೇಕು. ಹಳೆಯ ಸಾಧನದ ಉದ್ದೇಶವನ್ನೇ ಕೆಡಿಸುವ ಬದಲಾವಣೆಯನ್ನು ಪರಿಣತನು ಯಾಕೆ ಮಾಡಿಯಾನು? ನಮ್ಮ ಅರ್ಜಿಯನ್ನು ಓದಿದ ಮೇಲಷ್ಟೇ ಈ ಜೋಡಣೆ ಸಹಜವೆನಿಸುತ್ತದೆ ಎಂದು ಉತ್ತರದಲ್ಲಿ ಬರೆದೆ.

ದೂರವಾಣಿ ಸಂದರ್ಶನದಲ್ಲಿ ಪರೀಕ್ಷಕರು, ಒತ್ತಡ ಮಿತಿಮೀರಿದಾಗ ಮಾತ್ರ ತೆರೆಯುವ ಕವಾಟವನ್ನು ಇಡಬಹುದಲ್ಲ ಎಂದರು. ಜಾಣ ಪ್ರಶ್ನೆ, ಆದರೆ ಅದು ಎರಡನೆಯ ಪೇಟೆಂಟಿನ ಪೊರೆಯೂ ಅಲ್ಲ, ನಮ್ಮ ಕ್ಲೇಮಿನಲ್ಲಿ, ಅಂದರೆ ಅರ್ಜಿಯಲ್ಲಿ ನಾವು ಹಕ್ಕು ಕೇಳುವ ಅಂಶದಲ್ಲಿ, ಇರುವುದೂ ಅಲ್ಲ ಎಂದೆ.

ದ್ರವದ ಮಟ್ಟ ತೋರಿಸುವ ಪಾರದರ್ಶಕ ಪಟ್ಟಿಯ ಮೇಲಿದ್ದ ಇನ್ನೊಂದು ಸ್ವತಂತ್ರ ಕ್ಲೇಮಿಗೆ ನಾನು ಹೋರಾಡಲಿಲ್ಲ. ಗೊತ್ತಿರುವ ಪಟ್ಟಿ ಗೊತ್ತಿರುವ ಕೆಲಸವನ್ನೇ ಮಾಡುತ್ತಿತ್ತು. ಆವಿಷ್ಕಾರಕರಿಗೆ ಬೇಸರವಾದರೂ ಅದನ್ನು ಕೈಬಿಟ್ಟೆವು. ಮುಂದಿನ ಪತ್ರದಲ್ಲಿ ಪೊರೆಯ ಕ್ಲೇಮಿನ ಮೇಲಿನ ಆಕ್ಷೇಪ ಇರಲಿಲ್ಲ.