ಸ್ಪೋರ್ಟಿ ಹ್ಯಾಚ್‌ಬ್ಯಾಕ್: ದುಡ್ಡು ವಸೂಲಾಯ್ತು, ಆದರೆ ಶೋರೂಮಿನಲ್ಲಿ ಅಲ್ಲ

ಹೋದ ತಿಂಗಳು ಒಬ್ಬರು ನನ್ನ ಕಾರನ್ನು ಸುತ್ತ ಬಗ್ಗಿ ಬಗ್ಗಿ ನೋಡಿ ಐದೂವರೆ ಲಕ್ಷ ಕೊಡ್ತೀನಿ ಅಂದರು. ನಾನು ಕೊಡಲಿಲ್ಲ. ಆದರೆ ಅವತ್ತು ರಾತ್ರಿ ಡ್ಯಾಶ್‌ಬೋರ್ಡಿನಲ್ಲಿದ್ದ ಹಳೇ ನೋಟ್‌ಬುಕ್ ತೆಗೆದು ಕೂತು ಲೆಕ್ಕ ಹಾಕಿದೆ. ಸ್ಪೋರ್ಟಿ ಹ್ಯಾಚ್‌ಬ್ಯಾಕ್ ಕೊಂಡೆ ಅಂತ ಮೂರೂವರೆ ವರ್ಷದಿಂದ ನನ್ನನ್ನು ಆಡಿಕೊಂಡವರಿಗೆ ಉತ್ತರ ಕೊಡುವಷ್ಟು ಅಂಕಿ ಅದರಲ್ಲಿ ಸಿಕ್ಕಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾರಿನ ಹೆಸರು ಹೇಳುವುದಿಲ್ಲ. ಒಂದು ಲೀಟರ್, ಮೂರು ಸಿಲಿಂಡರ್, ಟರ್ಬೊ, ಮ್ಯಾನ್ಯುಯಲ್ ಗೇರ್. ಬಂಪರಿನಲ್ಲಿ ಕೆಂಪು ಗೆರೆ, ಸೀಟಿಗೆ ಕೆಂಪು ಹೊಲಿಗೆ, ಹಿಂದೆ ಒಂದು ಬ್ಯಾಡ್ಜ್. ಗೊತ್ತಾಗುವವರಿಗೆ ಗೊತ್ತಾಗುತ್ತದೆ.

ಆಡಿಕೊಂಡವರ ವಾದ ಇಷ್ಟೇ. ಅದೇ ಕಾರಿನ ಮಾಮೂಲಿ ಮಾಡೆಲ್ ಎಂಟೂವರೆಗೆ ಸಿಗುವಾಗ ಕೆಂಪು ದಾರಕ್ಕೆ ನಾಲ್ಕು ಲಕ್ಷ ಯಾಕೆ? ಇನ್ನೊಂದು ಲಕ್ಷ ಹಾಕಿದರೆ ಎತ್ತರದ ಎಸ್‌ಯುವಿ ಬರುತ್ತಲ್ಲ? ಶೋರೂಮಿನಲ್ಲಿ ನಿಂತು ನೋಡಿದರೆ ಅವರು ಹೇಳಿದ್ದೇ ಸರಿ. ಆಗ ಎಕ್ಸ್‌ಶೋರೂಂ ಬೆಲೆ ಹತ್ತು ಲಕ್ಷದ ಗೆರೆಯನ್ನು ಸ್ವಲ್ಪ ದಾಟಿತ್ತು. ನಮ್ಮ ರಾಜ್ಯದಲ್ಲಿ ಆ ಗೆರೆ ದಾಟಿದ ಕೂಡಲೇ ಲೈಫ್‌ಟೈಮ್ ಟ್ಯಾಕ್ಸ್ ಶೇ. 14ರಿಂದ 17ಕ್ಕೆ ಹಾರುತ್ತದೆ, ಅದರ ಮೇಲೆ ಸೆಸ್ ಬೇರೆ. ರಸ್ತೆಗಿಳಿಯುವ ಹೊತ್ತಿಗೆ ಹನ್ನೆರಡೂವರೆ ಲಕ್ಷ. ಆ ಬೆಲೆಗೆ ಇದು ಬೇಡ ಅಂತ ನಾನೂ ಹೇಳುತ್ತೇನೆ.

ನಮ್ಮ ದೇಶದಲ್ಲಿ ಇಂಥ ಕಾರುಗಳ ಕಥೆ ಯಾವಾಗಲೂ ಹೀಗೇ ಅಲ್ವಾ. 2015ರಲ್ಲಿ ಫಿಯಟ್‌ನವರ 145 ಬಿಎಚ್‌ಪಿಯ ಅಬಾರ್ತ್ ಪುಂಟೊ ಹತ್ತು ಲಕ್ಷದ ಒಳಗೇ ಬಂತು. ಹೊಗಳಿದವರು ಬಹಳ, ಕೊಂಡವರು ಕಡಿಮೆ. ಮರುವರ್ಷ ಬಂದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿಐಗೆ ಸುಮಾರು 26 ಲಕ್ಷ ಇತ್ತು, ಆಮೇಲೆ ಕಂಪನಿಯೇ ಅದನ್ನು 20ರ ಹತ್ತಿರಕ್ಕೆ ಇಳಿಸಿತು. ಮೊದಲು ಕೊಂಡವನ ಜೇಬಿಗೆ ಹೊಡೆತ, ಎರಡನೆಯವನಿಗೆ ಲಾಭ. ನಾನು ಎರಡನೆಯವನಾಗೋಣ ಅಂತ ತೀರ್ಮಾನಿಸಿದೆ. ಲೈಫ್‌ಟೈಮ್ ಟ್ಯಾಕ್ಸನ್ನೂ ಮೊದಲ ಮಾಲೀಕನೇ ಕಟ್ಟಿರುತ್ತಾನೆ, ನಮಗೆ ಉಳಿಯುವುದು ವರ್ಗಾವಣೆ ಖರ್ಚು ಮಾತ್ರ.

ಹುಡುಕುವುದಕ್ಕೇ ಐದು ತಿಂಗಳು ಹಿಡಿಯಿತು. ಮೊದಲು ನೋಡಿದ ಕಾರಿನ ಮೀಟರಿನಲ್ಲಿ 34 ಸಾವಿರ ಕಿ.ಮೀ. ಇತ್ತು. ಬ್ರೇಕ್ ಪೆಡಲಿನ ರಬ್ಬರ್ ಮಾತ್ರ ನುಣ್ಣಗೆ ಸವೆದಿತ್ತು. ಸರ್ವಿಸ್ ದಾಖಲೆ ತೆಗೆಸಿದರೆ ಹದಿನಾಲ್ಕು ತಿಂಗಳ ಹಿಂದೆಯೇ 61 ಸಾವಿರ! ಮಾರುವವನನ್ನು ಕೇಳಿದೆ. ‘ಸಾರ್, ಅದು ಟೈಪಿಂಗ್ ಮಿಸ್ಟೇಕ್’ ಅಂದ. ಟೋಕನ್ ಅಂತ ಕೊಟ್ಟಿದ್ದ ಐದು ಸಾವಿರ ಇನ್ನೂ ವಾಪಸ್ ಬಂದಿಲ್ಲ. ಎರಡನೆಯದು ಚೆನ್ನಾಗಿತ್ತು, ಆದರೆ ಆಟೊಮ್ಯಾಟಿಕ್, ಒಣ ಕ್ಲಚ್ಚಿನದು, ಅಂದರೆ ತಣ್ಣಗಿಡಲು ಎಣ್ಣೆ ಇಲ್ಲದ, ತೆವಳುವ ಟ್ರಾಫಿಕ್ಕಿನಲ್ಲಿ ಬೇಗ ಬಿಸಿಯಾಗುವಂಥದ್ದು. ಸಿಲ್ಕ್ ಬೋರ್ಡಿನಲ್ಲಿ ದಿನಾ ಇಂಚಿಂಚು ತೆವಳುವ ನನಗೆ ಅದು ಬೇಡ ಅನ್ನಿಸಿತು. ಮೂರನೆಯದು ಸಿಕ್ಕಿತು. ಮೂರು ವರ್ಷ ಹಳೆಯದು, 38 ಸಾವಿರ ಓಡಿತ್ತು, ಒಬ್ಬನೇ ಮಾಲೀಕ. ಎಂಟೂಕಾಲು ಕೇಳಿದ, ಏಳು ಲಕ್ಷ ಅರವತ್ತು ಸಾವಿರಕ್ಕೆ ಒಪ್ಪಿದ. ಟೆಸ್ಟ್ ಡ್ರೈವಿನಲ್ಲಿ ನಾನು ಮಾಡುವ ಒಂದು ಪರೀಕ್ಷೆ ಇದೆ, ಎರಡು ನಿಮಿಷದಲ್ಲಿ ಟರ್ಬೊದ ಆರೋಗ್ಯ ತಿಳಿಯುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಮಾರುವವರೂ ಓದುತ್ತಾರೆ.

ಇನ್ನು ದುಡ್ಡು ಸುಟ್ಟ ಕಥೆ. ಇದು ಉದ್ದ ಇದೆ.

ಕಾರು ಬಂದ ಎರಡನೇ ತಿಂಗಳೇ ಮ್ಯಾಪ್ ಮಾಡಿಸಿದೆ, ಅಂದರೆ ಜಾಸ್ತಿ ಪವರಿಗಾಗಿ ಎಂಜಿನ್ನಿನ ಕಂಪ್ಯೂಟರ್ ಪ್ರೋಗ್ರಾಂ ಬದಲಾಯಿಸಿದೆ. 22 ಸಾವಿರ. ಕಾಗದದ ಮೇಲೆ 170 ನ್ಯೂಟನ್ ಮೀಟರ್ ಇದ್ದ ಟಾರ್ಕ್, ಅಂದರೆ ಎಂಜಿನ್ನಿನ ತಿರುಚುವ ಬಲ, 220ರ ಹತ್ತಿರ ಹೋಯಿತು. ಒಂದು ವಾರ ನನ್ನ ಕಾಲು ನೆಲದ ಮೇಲಿರಲಿಲ್ಲ. ಮೂರನೇ ವಾರ ಶಿರಾಡಿ ಹತ್ತುವಾಗ, ಹಿಂದೆ ಟ್ಯಾಂಕರ್, ಮುಂದೆ ಬಸ್ಸು, ಥರ್ಡ್ ಗೇರಿನಲ್ಲಿ ಒತ್ತಿದೆ. ಆರ್‌ಪಿಎಂ ಏರಿತು, ಕಾರು ಏರಲಿಲ್ಲ. ಜತೆಗೆ ಸುಟ್ಟ ವಾಸನೆ. ಹೆಚ್ಚಾದ ಟಾರ್ಕ್ ತಡೆಯಲಾರದೆ ಕ್ಲಚ್ ಹೋಗಿತ್ತು. ಕಿಟ್ ಮತ್ತು ಕೂಲಿ ಸೇರಿ 31 ಸಾವಿರ. ಇನ್ಶೂರೆನ್ಸಿಗೆ ತಿಳಿಸದೆ ಮ್ಯಾಪ್ ಮಾಡಿಸಿದ್ದೆ. ಏನಾದರೂ ಗುದ್ದಿದ್ದರೆ ಕ್ಲೇಮಿಗೂ ತಕರಾರು ಬರುತ್ತಿತ್ತು ಅಂತ ಆಮೇಲೆ ಹೊಳೆಯಿತು. ಕಂಪನಿ ಕೊಟ್ಟ ಹಾಗೆಯೇ ವಾಪಸ್ ಮಾಡಿಸಿದೆ.

ಅಲ್ಲಿಗಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಕಾರನ್ನು ಒಂದೂವರೆ ಇಂಚು ಇಳಿಸುವ ಸ್ಪ್ರಿಂಗ್ ಹಾಕಿಸಿದೆ. ನೋಡಲು ಏನು ಚಂದ! ನಮ್ಮ ಬಡಾವಣೆಯಲ್ಲಿ ಹನ್ನೊಂದು ಹಂಪ್ ಇವೆ. ಮೊದಲ ದಿನವೇ ಒಂಬತ್ತಕ್ಕೆ ಹೊಟ್ಟೆ ಉಜ್ಜಿತು. ಹಿಂದೆ ಇಬ್ಬರು ಕೂತರೆ ಹನ್ನೊಂದೂ. 22 ಸಾವಿರದ ಸ್ಪ್ರಿಂಗನ್ನು ಒಂಬತ್ತಕ್ಕೆ ಮಾರಿದೆ. ಆಮೇಲೆ ಎಂಜಿನ್ನಿಗೆ ಗಾಳಿ ಜಾಸ್ತಿ ಬಿಡುತ್ತದೆ ಅನ್ನುವ ಕೋನ್ ಫಿಲ್ಟರ್, ಎಂಟು ಸಾವಿರ. ಶಬ್ದ ಬಂತು, ಬೇರೇನೂ ಬರಲಿಲ್ಲ. ಟ್ರಾಫಿಕ್ಕಿನಲ್ಲಿ ಬಾನೆಟ್ಟಿನೊಳಗಿನ ಬಿಸಿಗಾಳಿಯನ್ನೇ ಎಳೆದುಕೊಂಡು ಕಾರು ಇನ್ನೂ ಮಂಕಾಯಿತು. ಅದು ಈಗಲೂ ಅಟ್ಟದ ಮೇಲಿದೆ, ಬೇಕಾದವರು ತಗೊಂಡು ಹೋಗಬಹುದು. ಕೊನೆಗೆ ನೆಲಮಂಗಲ ದಾಟಿದ ಮೇಲೆ ಒಂದು ಗುಂಡಿ. ಒಂದು ಅಲಾಯ್ ಬಾಗಿತು, ಎರಡು ಟೈರ್ ಪಕ್ಕದಲ್ಲಿ ಊದಿಕೊಂಡವು. 17 ಸಾವಿರ. ಒಟ್ಟು ತೊಂಬತ್ತೊಂದು ಸಾವಿರ ರೂಪಾಯಿ, ಒಂದು ವರ್ಷದೊಳಗೆ. ಮನೆಯಲ್ಲಿ ಹೇಳಿದ್ದು ನಲವತ್ತು.

ದಾರಿ ತೋರಿಸಿದ್ದು ಮಾವನ ಮನೆಯ ಅಡಿಕೆ ತೂಗುವ ತಕ್ಕಡಿ.

ಹಿಂದಿನ ಮಾಲೀಕ 17 ಇಂಚಿನ ಅಲಾಯ್ ಹಾಕಿಸಿದ್ದ. ಗುಂಡಿಗೆ ಬಿದ್ದ ಮೇಲೆ ತೀರ್ಥಹಳ್ಳಿಯ ಹತ್ತಿರ ಮಾವನ ಮನೆಗೆ ಹೋಗಿದ್ದೆವು. ಕೊಯ್ಲಿನ ಸಮಯ, ಅಂಗಳದ ತುಂಬ ಅಡಿಕೆ ಹರಡಿತ್ತು, ಮೂಲೆಯಲ್ಲಿ ತಕ್ಕಡಿ. ಸುಮ್ನೆ ಕುತೂಹಲಕ್ಕೆ ಒಂದು ಚಕ್ರ ಬಿಚ್ಚಿ ಇಟ್ಟೆ. ಟೈರ್ ಸೇರಿ 20 ಕೆ.ಜಿ. ಮೇಲೆ ಸ್ವಲ್ಪ. ಅದೇ ಕಾರಿನ ಕಂಪನಿಯ 16 ಇಂಚಿನ ಹಳೇ ಸೆಟ್ ಒಂದನ್ನು ಶಿವಮೊಗ್ಗದಲ್ಲಿ ನೋಡಿ ಇಟ್ಟಿದ್ದೆ. ಮರುದಿನ ತಂದು ತೂಗಿದರೆ ಹದಿನಾರೂವರೆ. ಒಂದೊಂದು ಚಕ್ರಕ್ಕೆ ಮೂರೂವರೆ ಕೆ.ಜಿ. ವ್ಯತ್ಯಾಸ! ತಿರುಗುವ ತೂಕ, ಅದೂ ಸ್ಪ್ರಿಂಗಿನ ಕೆಳಗಿರುವ ತೂಕ, ಅದು ಕಡಿಮೆಯಾದಷ್ಟೂ ಚಕ್ರ ರಸ್ತೆಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ. ಮಾವ ಜಗಲಿಯಿಂದ ನೋಡುತ್ತಿದ್ದರು. ‘ಅಡಿಕೆ ತೂಗೋ ತಕ್ಕಡಿಗೆ ಮಣ್ಣು ಮೆತ್ತಿದೆಯಲ್ಲೋ ಮಾರಾಯ’ ಅಂದರು. ಒರೆಸಿ ಕೊಟ್ಟೆ.

ಹದಿನಾರರ ಚಕ್ರ ಹಾಕಿ ಅವತ್ತು ಸಂಜೆಯೇ ಆಗುಂಬೆ ಇಳಿದು ಸೋಮೇಶ್ವರದಲ್ಲಿ ಚಹಾ ಕುಡಿದು ವಾಪಸ್ ಹತ್ತಿದೆ. 14 ಹೇರ್‌ಪಿನ್. ಅಲ್ಲಿ ಯಾರೂ ಜೋರಾಗಿ ಹೋಗಲಾಗುವುದಿಲ್ಲ, ಹೋಗಲೂಬಾರದು. ಎದುರಿಗೆ ಮಿನಿ ಬಸ್ಸು, ತಡೆಗೋಡೆ ಮೇಲೆ ಕೋತಿ. ಆದರೆ ಸೆಕೆಂಡ್ ಗೇರಿನಲ್ಲಿ ಮೂವತ್ತರಲ್ಲಿ ಒಳಗೆ ಹೋಗಿ, ತಿರುವು ಬಿಚ್ಚಿಕೊಳ್ಳುವಾಗ ಒತ್ತಿದರೆ ಕಾರು ಮೂತಿ ಎಳೆದಾಡದೆ ಹೇಳಿದ ಕಡೆ ಹೋಯಿತು. ಮೊದಲು ಅದೇ ತಿರುವುಗಳಲ್ಲಿ ಸ್ಟೀರಿಂಗ್ ಕಿತ್ತುಕೊಳ್ಳುತ್ತಿತ್ತು. ಇದಕ್ಕಾಗಿ ಎಂಜಿನ್ನಿಗೆ ಒಂದು ರೂಪಾಯಿಯನ್ನೂ ಹಾಕಿರಲಿಲ್ಲ.

ಅಲ್ಲಿಂದ ನನ್ನ ದಾರಿ ಬದಲಾಯಿತು. ಎಂಜಿನ್ ಮುಟ್ಟುವುದಿಲ್ಲ, ಕಾರು ಶೋರೂಮಿನಿಂದ ಬಂದ ದಿನ ಹೇಗಿತ್ತೋ ಹಾಗೆ ಮಾಡುತ್ತೇನೆ, ಅಷ್ಟೇ. ನಲವತ್ತು ಐವತ್ತು ಸಾವಿರ ಓಡಿದ ಸ್ಪೋರ್ಟಿ ಕಾರನ್ನು ಓಡಿಸಿ ‘ಅಯ್ಯೋ ಇದರಲ್ಲೇನಿದೆ’ ಅನ್ನುವವರು ಓಡಿಸಿರುವುದು ಸತ್ತ ಶಾಕ್ ಅಬ್ಸಾರ್ಬರನ್ನು. ನಾಲ್ಕೂ ಶಾಕ್ ಹೊಸದು, ಕಂಪನಿಯದೇ, 30 ಸಾವಿರ. ಒಳ್ಳೆ ಟೈರ್ ನಾಲ್ಕು, 36. ಡಿಸ್ಕ್, ಪ್ಯಾಡ್, ಬ್ರೇಕ್ ಆಯಿಲ್ ಸೇರಿ 19. ಬುಷ್, ಎಂಜಿನ್ ಮೌಂಟ್ 12. ಪ್ಲಗ್, ಬ್ಯಾಟರಿ, ಚಿಲ್ಲರೆ ಎಲ್ಲ ಸೇರಿ ಒಟ್ಟು ಒಂದು ಲಕ್ಷ ಹದಿನೈದು ಸಾವಿರ ಇರಬೇಕು. ಹದಿನೇಳರ ಅಲಾಯ್‌ಗಳಲ್ಲಿ ಬಾಗಿದ್ದನ್ನು ನೆಟ್ಟಗೆ ಮಾಡಿಸಿ ಮಾರಿದ ದುಡ್ಡಿನಲ್ಲಿ ಹದಿನಾರರ ಸೆಟ್ ಬಂತು. ಚಕ್ರಗಳ ಕೋನ ಹೊಂದಿಸುವ ಅಲೈನ್‌ಮೆಂಟ್ ಮಾತ್ರ ಕಂಪನಿಯ ಪುಸ್ತಕದಲ್ಲಿರುವ ನಡು ಅಂಕಿಗೆ ಬಿಡಲಿಲ್ಲ. ಕೊಟ್ಟ ಮಿತಿಯ ಒಳಗೇ ನಾಲ್ಕು ಸಲ ಬದಲಾಯಿಸಿ ನನ್ನ ಅಂಕಿ ಕಂಡುಕೊಂಡಿದ್ದೇನೆ. ಆ ಚೀಟಿ ನನ್ನ ಹತ್ತಿರವೇ ಇರಲಿ.

ಒಂದೆರಡು ಅಡ್ಡ ಪ್ರಯೋಗಗಳೂ ನಡೆದವು. ಇನ್ಫ್ರಾರೆಡ್ ಥರ್ಮಾಮೀಟರ್ ಸಾಲ ತಂದು ಆಗುಂಬೆ ಇಳಿದ ಮೇಲೆ ಮುಂದಿನ ಡಿಸ್ಕ್ ಅಳೆದೆ. ಬ್ರೇಕಿನ ಮೇಲೇ ಕಾಲಿಟ್ಟು ಇಳಿದಾಗ 280 ಡಿಗ್ರಿ ಹತ್ತಿರ, ಸೆಕೆಂಡ್ ಗೇರಿನಲ್ಲಿ ಎಂಜಿನ್ ಹಿಡಿತದ ಮೇಲೆ ಇಳಿದಾಗ 150–160. ಡ್ರೈವಿಂಗ್ ಕಲಿಸಿದವರು ಹೇಳಿದ್ದೇ, ಆದರೆ ಅಂಕಿ ಕಣ್ಣಲ್ಲಿ ನೋಡಿದ ಮೇಲೆ ಕಾಲು ತಾನಾಗಿ ಹಗುರಾಯಿತು. ಇನ್ನೊಂದು ಸಲ, ಮೂರು ಟ್ಯಾಂಕ್ ಪೂರ್ತಿ 95 ಆಕ್ಟೇನ್ ಪೆಟ್ರೋಲ್ ಹಾಕಿಸಿದೆ, ಲೀಟರಿಗೆ ಏಳೆಂಟು ರೂಪಾಯಿ ಜಾಸ್ತಿ. ಮೇ ತಿಂಗಳ ಬಿಸಿಲಿನಲ್ಲಿ ಏರು ಹತ್ತುವಾಗ ಸ್ವಲ್ಪ ಚುರುಕು ಅನ್ನಿಸಿತು. ಮೈಲೇಜ್‌ನಲ್ಲಿ ಏನೂ ಇಲ್ಲ. ಬಿಟ್ಟೆ. ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದ ಮೇಲೆ ಊರೊಳಗೆ ಹದಿಮೂರು ಕೊಡುತ್ತಿದ್ದದ್ದು ಹನ್ನೆರಡಕ್ಕೆ ಇಳಿದಿದೆ, ಹೈವೇಯಲ್ಲಿ ಹದಿನಾರು ಹದಿನೇಳು.

ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೂ ಹೋಗಿ ಬಂದೆ. ಎರಡು ಕಿಲೋಮೀಟರ್ ಚಿಲ್ಲರೆಯ ಟ್ರ್ಯಾಕ್. ಮೊದಲ ಸಲ ಹೋದದ್ದು ಬ್ರೇಕ್ ಕೆಲಸ ಮಾಡಿಸುವುದಕ್ಕೆ ಮುಂಚೆ. ಐದನೇ ಲ್ಯಾಪಿಗೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಯಿತು. ನೀರು ಹೀರಿದ ಹಳೇ ಬ್ರೇಕ್ ಆಯಿಲ್ ಕುದ್ದಿತ್ತು. ಎರಡನೇ ಸಲ ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಹಾಕಿಸಿ ಹೋದೆ, ಒಂಬತ್ತು ಲ್ಯಾಪ್ ಗಟ್ಟಿಯಾಗಿ ನಿಂತಿತು. ಅವತ್ತು ನನಗಿಂತ ಜಾಸ್ತಿ ಪವರಿನ ಎರಡು ಸೆಡಾನ್‌ಗಳನ್ನು ಹಿಂದೆ ಹಾಕಿದೆ ಅನ್ನುವುದನ್ನು ಇಲ್ಲಿ ಹೇಳದೆ ಇರಲಾರೆ. ನೇರ ದಾರಿಯಲ್ಲಿ ಅವರೇ ಮುಂದೆ, ತಿರುವಿನಲ್ಲಿ ನಾನು. ಸಾವಿರದ ನೂರು ಕೆ.ಜಿ. ಒಳಗಿನ ಕಾರಿನ ಸುಖ ಅದು.

ಈಗ ನೋಟ್‌ಬುಕ್ಕಿಗೆ ಬರೋಣ. ಕೊಂಡದ್ದು 7.6 ಲಕ್ಷ. ಸರಿಪಡಿಸಲು 1.15. ನನ್ನ ಹುಚ್ಚಿಗೆ 0.91. ಒಟ್ಟು 9.66. ಈಗ ಬಂದ ಬೆಲೆ 5.5. ಅಂದರೆ ಹೋದದ್ದು 4.16 ಲಕ್ಷ, ಓಡಿದ್ದು 52 ಸಾವಿರ ಕಿ.ಮೀ. ಕಿಲೋಮೀಟರಿಗೆ ಎಂಟು ರೂಪಾಯಿ. ನಾನು ಕೊಂಡ ತಿಂಗಳೇ ಗೆಳೆಯನೊಬ್ಬ ಹೊಸ ಎಸ್‌ಯುವಿ ಕೊಂಡಿದ್ದ, 14.2 ಲಕ್ಷ. ಈಗ ಅದಕ್ಕೆ ಒಂಬತ್ತು ಹೇಳುತ್ತಾರೆ. ಅವನದು 31 ಸಾವಿರ ಓಡಿದೆ, ಕಿಲೋಮೀಟರಿಗೆ ಹದಿನೇಳರ ಹತ್ತಿರ ಬಿತ್ತು. ಪೆಟ್ರೋಲ್, ಸರ್ವಿಸ್, ಇನ್ಶೂರೆನ್ಸ್, ನನ್ನ ಎರಡನೇ ಸೆಟ್ ಟೈರ್ ಯಾವುದೂ ಈ ಲೆಕ್ಕದಲ್ಲಿ ಇಲ್ಲ. ಅವನದಕ್ಕೂ ಹಿಡಿದಿಲ್ಲ.

ಅವನು ತಕರಾರು ತೆಗೆದ: ‘ನಾನು ಕಡಿಮೆ ಓಡಿಸಿದೀನಿ, ಅದಕ್ಕೇ ಜಾಸ್ತಿ ಬಂತು.’ ನಿಜ. ಯಾಕೆ ಕಡಿಮೆ ಓಡಿಸಿದೆ ಅಂತ ಕೇಳಿದೆ. ಭಾನುವಾರ ಬೆಳಗ್ಗೆ ಸುಮ್ಮನೆ ಎದ್ದು ಹೋಗಬೇಕು ಅಂತ ಯಾವತ್ತೂ ಅನ್ನಿಸಲಿಲ್ಲವಂತೆ.

ನನಗೂ ಒಂದು ಹೆದರಿಕೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 18ಕ್ಕೆ ಇಳಿದಾಗ ಎದೆ ಧಸಕ್ ಅಂದಿತು. ಹೊಸದೇ ಅಗ್ಗವಾದರೆ ಹಳೆಯದನ್ನು ಯಾರು ಕೇಳುತ್ತಾರೆ? ಅದಕ್ಕೆ ಮುಂಚೆ 5.9 ಅಂದಿದ್ದವರು ಇದ್ದರು, ಆಮೇಲೆ ಐದೂವರೆ. ನಲವತ್ತು ಸಾವಿರ ಅಲ್ಲಿ ಹೋಯಿತು. ಹೊಸ ಕಾರುಗಳೂ ಹತ್ತು ಲಕ್ಷದ ಗೆರೆಯ ಕೆಳಗೆ ಬಂದಿವೆ, ಟ್ಯಾಕ್ಸಿನಲ್ಲೂ ಉಳಿತಾಯ. ಹಾಗಾಗಿ ಈಗ ಹೊಸದೇ ತಗೊಳ್ಳುತ್ತೇನೆ ಅನ್ನುವವರನ್ನು ನಾನು ಮೊದಲಿನಷ್ಟು ಬೈಯುವುದಿಲ್ಲ. ಆದರೂ ಮೂರು ವರ್ಷ ಹಳೆಯದಕ್ಕೇ ನನ್ನ ವೋಟು, ಪಕ್ಕದಲ್ಲಿ ಒಂದು ಲಕ್ಷ ಎತ್ತಿಟ್ಟುಕೊಂಡು. ಆ ಲಕ್ಷ ಇಲ್ಲದಿದ್ದರೆ ಮಾಮೂಲಿ ಮಾಡೆಲೇ ತಗೊಳ್ಳಿ, ಅದೂ ಒಳ್ಳೆ ಕಾರೇ.

ಎರಡು ದಿನದಿಂದ ಮುಂದಿನ ಎಡಗಡೆ ಟಕ್ ಟಕ್ ಅಂತಿದೆ, ಹಂಪ್ ಇಳಿಯುವಾಗ ಮಾತ್ರ. ಸಸ್ಪೆನ್ಷನ್ನಿನ ಲಿಂಕ್ ರಾಡ್ ಇರಬೇಕು. ಭಾನುವಾರ ಚಕ್ರ ಬಿಚ್ಚಿ ನೋಡಬೇಕು.